ಓನರ್ ಅಜ್ಜಿಯ ಬಿಸಿಲು

ಎಂ.ಎಸ್ಸಿ. ಕೊನೆಯ ವರ್ಷದ ಮಾರ್ಚ್ ತಿಂಗಳಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟ್ರು ನಾಲ್ಕು ಜನ ವಿದ್ಯಾರ್ಥಿಗಳಿಗೆ ನಾಲ್ಕು ಪೆಟ್ಟಿಗೆಗಳನ್ನು ಹಂಚಿದರು. ನೋಡಲು ಟ್ರಂಕಿನ ಹಾಗೆ. ಮುಚ್ಚಳ ಎತ್ತಿದರೆ ಒಳಬದಿಗೆ ಕನ್ನಡಿ, ಅದರ ಕೆಳಗೆ ಎರಡು ಪದರ ಗಾಜಿನ ಬಾಗಿಲು, ಒಳಗೆ ಕಪ್ಪು ಬಣ್ಣ ಬಳಿದ ನಾಲ್ಕು ಡಬ್ಬಿ. ಸೋಲಾರ್ ಕುಕ್ಕರ್. ಒಂದು ತಿಂಗಳು ಮನೆಯಲ್ಲಿಟ್ಟುಕೊಂಡು, ಅದರಲ್ಲೇ ಅಡುಗೆ ಮಾಡಿಸಿ, ಒಳಗಿನ ಶಾಖವನ್ನು ಅರ್ಧ ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯಬೇಕು. ಅದೇ ನಮ್ಮ ಪ್ರಾಜೆಕ್ಟು.

ಎಂಬತ್ತರ ದಶಕದ ನಡುಭಾಗ ಅದು. ಪರಿಸರ ಎಂದರೆ ನಮಗೆ ಮಳೆಗಾಲದಲ್ಲಿ ಕ್ಯಾಂಪಸ್ಸಿನಲ್ಲಿ ಸಸಿ ನೆಡುವುದು, ನೆಟ್ಟ ಮೇಲೆ ಬನ್ನು ಬಾಳೆಹಣ್ಣು ತಿನ್ನುವುದು, ಅಷ್ಟೇ. ಮೇಷ್ಟ್ರು ಮಾತ್ರ ಇನ್ನೂ ದೂರದ ಮಾತಾಡುತ್ತಿದ್ದರು. "ಸೌದೆ ಸುಟ್ರೆ ಮರ ಹೋಯ್ತು. ಸೀಮೆಎಣ್ಣೆ ಸುಟ್ರೆ, ಅದರ ಗಾಳಿ ಎಲ್ಲಿಗೂ ಹೋಗಲ್ಲ ಕಣ್ರಯ್ಯ. ಮೇಲೆ ಕಂಬಳಿ ಥರ ಕೂತ್ಕೊಳುತ್ತೆ. ಇನ್ನೊಂದಿಷ್ಟು ವರ್ಷಕ್ಕೆ ಭೂಮಿಗೇ ಸೆಖೆ ಆಗುತ್ತೆ." ಭೂಮಿ ಕಂಬಳಿ ಹೊದ್ದು ಬೆವರುವುದನ್ನು ಕಲ್ಪಿಸಿಕೊಂಡು ನಾವು ಹಿಂದಿನ ಬೆಂಚಿನಲ್ಲಿ ನಕ್ಕಿದ್ದೆವು. ನಮಗೆ ಭೂಮಿಯ ಸೆಖೆಗಿಂತ ಪರೀಕ್ಷೆ ಹತ್ತಿರವಿತ್ತು.

ಪೆಟ್ಟಿಗೆಯನ್ನು ಸಿಟಿ ಬಸ್ಸಿನಲ್ಲೇ ತಂದೆ. ಕೆಂಗೇರಿಯಿಂದ ಬರುತ್ತಿದ್ದ ನನ್ನ ಸಹಪಾಠಿ ಅದನ್ನು ಬಸ್ಸಿಗೆ ಹತ್ತಿಸಿಕೊಟ್ಟು ತನ್ನ ಪೆಟ್ಟಿಗೆಯೊಡನೆ ಎದುರು ದಿಕ್ಕಿನ ಬಸ್ಸು ಹಿಡಿದ. ಕಂಡಕ್ಟರ್ ಬಂದು ಕಾಲಿನಿಂದ ಮೆಲ್ಲಗೆ ತಟ್ಟಿ ನೋಡಿದರು.

"ಏನಮ್ಮಾ ಇದು, ಹಾಸ್ಟೆಲ್ ಖಾಲಿ ಮಾಡ್ತಾ ಇದೀರಾ?"

"ಇಲ್ಲ ಸಾರ್, ಒಲೆ. ಬಿಸಿಲಲ್ಲಿ ಅಡುಗೆ ಆಗುತ್ತೆ."

"ಹಂಗಾದ್ರೆ ನನ್ನ ತಲೆ ಮೇಲಿಡಿ. ಮಧ್ಯಾಹ್ನದ ಟ್ರಿಪ್ಪಲ್ಲಿ ಒಂದು ಮೂಟೆ ಅಕ್ಕಿ ಬೇಯುತ್ತೆ," ಎಂದು ಮುಂದಕ್ಕೆ ಹೋದರು.

ನಾವು ಬಾಡಿಗೆಗಿದ್ದದ್ದು ವಿಜಯನಗರದ ಪಕ್ಕದ ಮಾರೇನಹಳ್ಳಿಯಲ್ಲಿ, ಒಂದು ವಠಾರದಲ್ಲಿ. ಆರು ಮನೆ, ಒಂದು ನಲ್ಲಿ, ನಡುವೆ ಉದ್ದನೆಯ ಕಿರಿದಾದ ಓಣಿ. ಮನೆಯಲ್ಲಿ ನಾನು, ಅಮ್ಮ, ಅಪ್ಪ. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು. ಹನ್ನೆರಡೂವರೆಗೆ ಉಂಡು ಹೊರಡಬೇಕು. ಅಮ್ಮ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, "ಇದಕ್ಕೆ ಬೆಂಕಿ ಎಲ್ಲಿ ಹಚ್ಚೋದು?" ಎಂದರು. ಹಚ್ಚುವುದೇ ಬೇಡ ಎಂದೆ. ಅಪ್ಪ ಪತ್ರಿಕೆ ಕೆಳಗಿಳಿಸಿ, "ಇದರಲ್ಲಿ ಮುದ್ದೆ ತಿರುವಕ್ಕಾಗುತ್ತಾ?" ಎಂದರು. ಆಗುವುದಿಲ್ಲ ಎಂದೆ. ಪತ್ರಿಕೆ ಮತ್ತೆ ಮೇಲೆದ್ದಿತು.

ಮರುದಿನವೇ ಒಂದು ಸತ್ಯ ಗೊತ್ತಾಯಿತು. ನಮ್ಮ ಓಣಿಗೆ ಬಿಸಿಲು ಬರುವುದು ಹನ್ನೊಂದೂವರೆಗೆ, ಹನ್ನೆರಡೂವರೆಗೆಲ್ಲ ಅದು ಎದುರು ಗೋಡೆ ಹತ್ತಿಬಿಡುತ್ತದೆ. ಬೆಳಕಿನ ವೇಗದ ಬಗ್ಗೆ ಪುಟಗಟ್ಟಲೆ ಬರೆಯಬಲ್ಲ ನನಗೆ, ಮೂರು ವರ್ಷ ವಾಸವಿದ್ದ ಮನೆಯ ಮುಂದೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಗೊತ್ತಿರಲಿಲ್ಲ. ದಿನವಿಡೀ ಬಿಸಿಲಿದ್ದದ್ದು ತಾರಸಿಯ ಮೇಲೆ. ತಾರಸಿ ಓನರ್ ಅಜ್ಜಿಯದು.

ವಠಾರದ ಒಡತಿಯನ್ನು ನಾವೆಲ್ಲ ಹಾಗೆಯೇ ಕರೆಯುತ್ತಿದ್ದೆವು. ಅವರದು ಮಾರೇನಹಳ್ಳಿಯ ಹಳೆಯ ಒಕ್ಕಲು ಕುಟುಂಬ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಸೈಟುಗಳಾಗಿ, ಕೊನೆಗೆ ಅವರ ಕೈಯಲ್ಲಿ ಉಳಿದ ಬಯಲೆಂದರೆ ಆ ತಾರಸಿಯೊಂದೇ, ಅವರ ಬಾಯಲ್ಲಿ 'ಮೋಲ್ಡ್'. ಬೇಸಿಗೆ ಬಂತೆಂದರೆ ಅಲ್ಲಿ ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಹರಡಿಕೊಂಡು ಒಂದಿಂಚು ಜಾಗ ಬಿಡುತ್ತಿರಲಿಲ್ಲ. ನಾನು ಹೋಗಿ ಕೇಳಿದೆ.

"ಅಜ್ಜಿ, ಒಂದು ಮೂಲೇಲಿ ಪೆಟ್ಟಿಗೆ ಇಟ್ಕೊಳ್ಳಲಾ? ಒಂದೇ ತಿಂಗಳು. ಬಿಸಿಲು ಎಲ್ಲರಿಗೂ ಸೇರಿದ್ದಲ್ವಾ?"

"ಬಿಸಿಲು ಎಲ್ಲಾರ್ದೂ ಸರಿ ಕಣೇ. ಮೋಲ್ಡ್ ನಂದು."

ಆಮೇಲೆ ಅಜ್ಜಿಯೇ ಒಂದು ದಾರಿ ತೋರಿಸಿದರು. ಪರೀಕ್ಷೆಗೆ ಓದಲು ಹೇಗೂ ರಜಾ ಕೊಟ್ಟಿದ್ದಾರೆ. ನಾನು ತಾರಸಿಯ ಮೇಲೆ ಕೂತು ಸಂಡಿಗೆಗೆ ಕಾಗೆ ಬರದಂತೆ ಕಾಯಬೇಕು, ಮೆಣಸಿನಕಾಯಿಯನ್ನು ಆಗಾಗ ಮಗುಚಬೇಕು. ಅದಕ್ಕೆ ಪ್ರತಿಯಾಗಿ ಈಶಾನ್ಯ ಮೂಲೆಯಲ್ಲಿ ಪೆಟ್ಟಿಗೆಗೆ ಜಾಗ.

ಹೀಗೆ ಆ ವರ್ಷ ನಾನು ಕ್ವಾಂಟಂ ಮೆಕ್ಯಾನಿಕ್ಸನ್ನು ಅಪ್ಪನ ಕಪ್ಪು ಕೊಡೆಯ ಕೆಳಗೆ, ಒಂದು ಕೈಯಲ್ಲಿ ಬಿದಿರು ಕೋಲು ಹಿಡಿದು ಓದಿದೆ. ಕಾಗೆಗಳಿಗೆ ನನ್ನ ಓದಿನ ಬಗ್ಗೆ ಒಳ್ಳೆಯ ಅಂದಾಜಿತ್ತು. ಕಷ್ಟದ ಸಮೀಕರಣ ಬಂದು ನಾನು ತಲೆ ತಗ್ಗಿಸಿದಾಗಲೇ ಇಳಿಯುತ್ತಿದ್ದವು.

ಅಮ್ಮ ಒಂಬತ್ತಕ್ಕೆ ಬೇಳೆ, ಅಕ್ಕಿ ತೊಳೆದು ಡಬ್ಬಿಗಳಿಗೆ ಹಾಕಿ ಕೊಡುವರು. ನಾನು ಮೇಲೆ ಹೊತ್ತು ಒಳಗಿಡುವೆ. ಹನ್ನೆರಡಕ್ಕೆ ಇಳಿಸಿದರೆ ಅನ್ನ ಮಲ್ಲಿಗೆಯ ಹಾಗೆ ಬಿಡಿಬಿಡಿ. ಮುದ್ದೆಗೂ ಒಗ್ಗರಣೆಗೂ ಮಾತ್ರ ಸೀಮೆಎಣ್ಣೆ ಸ್ಟೌವು. ಮೊದಲ ದಿನ ಅಪ್ಪ ಅನ್ನವನ್ನು ಬೆರಳಲ್ಲಿ ಹಿಸುಕಿ ನೋಡಿ, "ಪರವಾಗಿಲ್ಲ, ಸೂರ್ಯಂಗೂ ಅಡುಗೆ ಬರುತ್ತೆ," ಎಂದರು. ಒಂದು ದಿನ ಹತ್ತು ಗಂಟೆಗೆ ಮೋಡ ಕವಿದು ಹನ್ನೆರಡಾದರೂ ಕದಲಲಿಲ್ಲ. ಅಂದು ಅಪ್ಪ ಮೊಸರವಲಕ್ಕಿ ತಿಂದು, ಚಪ್ಪಲಿ ಮೆಟ್ಟುತ್ತಾ ಆಕಾಶ ನೋಡಿ, "ಇವತ್ತು ಅಡುಗೆಯವರು ರಜಾ," ಎಂದು ಹೊರಟರು. ಅಮ್ಮನಿಗೆ ನಗು ಬಂತು, ನನಗೆ ಅಳು ಬಂತು.

ಆದರೆ ನಿಜವಾದ ಸಮಸ್ಯೆ ಮೋಡದ್ದಲ್ಲ. ಎರಡನೆಯ ವಾರದಿಂದ ಬೇಳೆ ಸರಿಯಾಗಿ ಬೇಯುವುದು ನಿಂತಿತು. ಆಕಾಶ ಸ್ಫಟಿಕದಂತಿದೆ, ಕನ್ನಡಿ ಹೊಳೆಯುತ್ತಿದೆ, ಆದರೂ ಅಮ್ಮ ಸೌಟಿನಿಂದ ಎಷ್ಟು ಕುಕ್ಕಿದರೂ ಬೇಳೆ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಪೆಟ್ಟಿಗೆಯ ಪಕ್ಕದ ತೂತಿನಲ್ಲಿ ಸಿಕ್ಕಿಸಿದ್ದ ಥರ್ಮಾಮೀಟರ್ ಹತ್ತೂವರೆಗೆ ಚೆನ್ನಾಗಿ ಏರಿರುತ್ತಿತ್ತು. ಹನ್ನೊಂದೂವರೆಗೆ ನೋಡಿದರೆ ಧೊಪ್ಪನೆ ಇಳಿದಿರುತ್ತಿತ್ತು. ದಿನವೂ ಅದೇ ಹೊತ್ತಿಗೆ.

ಪುಸ್ತಕ ಹಿಡಿದು ಮೇಷ್ಟ್ರ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ ನನ್ನ ಗ್ರಾಫನ್ನು ಬಹಳ ಹೊತ್ತು ನೋಡಿದರು.

"ಗಾಜಿನ ಸುತ್ತ ರಬ್ಬರ್ ಸಡಿಲ ಆಗಿದೆ. ಬಿಸಿಗೆ ಹಿಗ್ಗಿ ಗಾಳಿ ಬಿಟ್ಕೊಡ್ತಾ ಇದೆ."

"ಸರಿಯಾಗಿ ಹನ್ನೊಂದು ಗಂಟೇಗೇ ಯಾಕೆ ಸಾರ್?"

"ಅದೇ ಸ್ವಾರಸ್ಯ. ಇದರ ಮೇಲೇ ಒಂದು ಪ್ರಬಂಧ ಬರೀಬಹುದು."

ಪ್ರಬಂಧದ ಆಸೆಗೆ ಸೈಕಲ್ ಟ್ಯೂಬು ಕತ್ತರಿಸಿ ಗಾಜಿನ ಸುತ್ತ ಅಂಟಿಸಿದೆ. ಫಲವಿಲ್ಲ. ಇನ್ನೊಂದು ಪದರ ಅಂಟಿಸಿದೆ. ಶಾಖ ಇನ್ನೂ ಕೆಳಗಿಳಿಯಿತು.

ಆ ಎರಡನೆಯ ವಾರದಿಂದಲೇ ಹನ್ನೊಂದಕ್ಕೆ ನಾನು ಕಾಫಿಗೆಂದು ಕೆಳಗಿಳಿಯುತ್ತಿದ್ದೆ. ಆ ಅರ್ಧ ಗಂಟೆ ಕಾಗೆ ಕಾಯಲು ಅಜ್ಜಿ ಮೇಲೆ ಬರುತ್ತಿದ್ದರು. ಇವೆರಡನ್ನೂ ಥರ್ಮಾಮೀಟರಿನೊಡನೆ ಜೋಡಿಸಲು ನನ್ನಂಥ ಭೌತಶಾಸ್ತ್ರದ ವಿದ್ಯಾರ್ಥಿನಿಗೆ ಹತ್ತು ದಿನ ಬೇಕಾಯಿತು, ಅದೂ ಆಕಸ್ಮಿಕವಾಗಿ. ಒಂದು ದಿನ ಪೆನ್ನು ಮರೆತು ಕಾಫಿ ಲೋಟದ ಸಮೇತ ಮೆಟ್ಟಿಲು ಹತ್ತಿದೆ. ಅಜ್ಜಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಜಿನ ಬಾಗಿಲನ್ನು ಪೂರ್ತಿ ಎತ್ತಿ ಹಿಡಿದು, ಡಬ್ಬಿಯ ಮುಚ್ಚಳ ಸರಿಸಿ ಬೇಳೆಯನ್ನು ಮಾತಾಡಿಸುತ್ತಿದ್ದರು.

"ಕುದೀತಾ ಇದೀಯಲ್ಲೇ, ನಿಜವಾಗ್ಲೂ ಕುದೀತಾ ಇದೀಯಲ್ಲೇ."

"ಅಜ್ಜಿ."

ಅವರು ಬಾಗಿಲು ಬಿಡಲಿಲ್ಲ. ತಪ್ಪು ಮಾಡಿದವರ ಮುಖವೂ ಅಲ್ಲ ಅದು. "ಇಲ್ ಬಾ, ನೋಡು. ಹೊಗೆ ಎಲ್ಲಿ?"

"ಹೊಗೆ ಇರಲ್ಲ ಅಜ್ಜಿ. ಆದ್ರೆ ಹಿಂಗೆ ತೆಗೆದ್ರೆ ಕಾವೆಲ್ಲ ಹೋಗ್ಬಿಡುತ್ತೆ. ದಿನಾ ಎಷ್ಟು ಸಲ ತೆಗೀತೀರಾ?"

"ನಾಕು. ಐದು. ನೀನು ಆ ರಬ್ಬರ್ ಅಂಟಿಸಿದ್ಮೇಲೆ ಬಿಗಿಯಾಗಿದೆ, ತೆಗೆಯಕ್ಕೆ ಹೊತ್ತು ಹಿಡಿಯುತ್ತೆ." ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹದಿಮೂರನೇ ವಯಸ್ಸಿಂದ ಒಲೆ ಊದಿದೀನಿ ಕಣೇ. ಹಸಿ ಸೌದೆ, ಬೆರಣಿ, ಮರದ ಹೊಟ್ಟು ಎಲ್ಲಾ ಆಯ್ತು. ಈ ಕಣ್ಣು ನೀರು ಸುರಿಸದೆ ಒಂದು ದಿನ ಬೇಳೆ ಬೆಂದಿಲ್ಲ. ಇಲ್ಲಿ ತನ್ನಷ್ಟಕ್ಕೆ ತಾನು ಬೇಯ್ತಾ ಇದೆ. ನೋಡ್ದೆ ಹೆಂಗಿರಲಿ?"

ನಾನು ಅದುವರೆಗೆ ಹೊಗೆಯನ್ನು ಮೇಷ್ಟ್ರು ಹೇಳಿದ ಹಾಗೆ ಆಕಾಶದಲ್ಲೇ ನೋಡುತ್ತಿದ್ದೆ. ಅದು ಮೊದಲು ಯಾರದೋ ಕಣ್ಣಿಗೆ ಹೋಗುತ್ತದೆ ಎಂಬುದು ತಲೆಗೆ ಬಂದಿರಲಿಲ್ಲ. ಗಾಜಿನ ಬಾಗಿಲು ಮುಚ್ಚಿ, ಹೊರಗಿನಿಂದಲೇ ಗಾಜಿನ ಮೂಲಕ ಒಳಗೆ ನೋಡುವುದು ಹೇಗೆಂದು ತೋರಿಸಿದೆ. ಡಬ್ಬಿಗಳಿಗೆ ಮುಚ್ಚಳವಿದ್ದದ್ದರಿಂದ ಅವರಿಗೆ ಏನೂ ಕಾಣಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮೂರು ಡಬ್ಬಿ ನಮ್ಮವು. ನಾಲ್ಕನೆಯದು ಅಜ್ಜಿಯದು, ಮುಚ್ಚಳವಿಲ್ಲದ್ದು.

ಆ ನಾಲ್ಕನೆಯ ಡಬ್ಬಿಯಲ್ಲಿ ಅವರು ಮಾಡದ್ದಿಲ್ಲ. ಕಡಲೆಕಾಯಿ ಬೀಜ ಹುರಿದರು, ಹಲಸಿನ ಬೀಜ ಬೇಯಿಸಿದರು, ನೀರು ಕಾಯಿಸಿ ಅದಕ್ಕೇ ಕಾಫಿಪುಡಿ ಹಾಕಿದರು. ಆ ಕಾಫಿಯನ್ನು ವಠಾರದ ಆರೂ ಮನೆಯವರಿಗೆ ಕುಡಿಸಿ, "ಬಿಸಿಲು ಕಾಫಿ, ಹೆಂಗಿದೆ?" ಎಂದು ಕೇಳಿದರು. ಚೆನ್ನಾಗಿಲ್ಲ ಎನ್ನುವ ಧೈರ್ಯ ಬಾಡಿಗೆದಾರರಲ್ಲಿ ಯಾರಿಗಿತ್ತು?

ತಿಂಗಳ ಕೊನೆಗೆ ವಿಭಾಗದಲ್ಲಿ ನಾಲ್ವರೂ ವರದಿ ಓದಬೇಕಿತ್ತು. ಕೆಂಗೇರಿಯ ಸಹಪಾಠಿ ತೆರೆದಿಟ್ಟ ಪೆಟ್ಟಿಗೆಯ ಗಾಜಿನ ಮೇಲೆ, ಸಂಜೆ ಉಳಿಯುವ ಬಿಸಿಗಾಗಿ, ಅವರ ಮನೆಯ ಬೆಕ್ಕು ಮಲಗಲು ಶುರುಮಾಡಿ ಕನ್ನಡಿಯನ್ನೆಲ್ಲ ಗೀಚಿಹಾಕಿತ್ತು. ನನ್ನ ಸರದಿ ಬಂದಾಗ ಗ್ರಾಫು ತೂಗುಹಾಕಿ, ಇಳಿದ ಜಾಗಗಳ ಮೇಲೆ ಕೋಲಿಟ್ಟು, "ಇಲ್ಲಿ ಓನರ್ ಅಜ್ಜಿ ಬಾಗಿಲು ತೆಗೆದರು," ಎಂದೆ. ಇಡೀ ಕೋಣೆ ನಕ್ಕಿತು. ಮೇಷ್ಟ್ರು ಮಾತ್ರ ನಗದೆ ತಮ್ಮ ಪುಸ್ತಕದಲ್ಲಿ ಏನೋ ಹೊಡೆದುಹಾಕಿದರು. ಪ್ರಬಂಧದ ಶೀರ್ಷಿಕೆ ಇರಬೇಕು.

ಪೆಟ್ಟಿಗೆ ವಾಪಸು ಕೊಡುವ ದಿನ ಅಜ್ಜಿ ತಾರಸಿಯ ಬಾಗಿಲಿಗೆ ಬೀಗ ಹಾಕಿಕೊಂಡು ಮಗಳ ಮನೆಗೆ, ನಂದಿನಿ ಲೇಔಟಿಗೆ ಹೊರಟುಹೋದರು. ಮರುದಿನವೂ ಬೀಗ. ಮೂರನೆಯ ದಿನ ಮೇಷ್ಟ್ರೇ ಸ್ಕೂಟರಿನಲ್ಲಿ ಬಂದರು. ಅಷ್ಟರಲ್ಲಿ ವಾಪಸಾಗಿದ್ದ ಅಜ್ಜಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ತಟ್ಟೆಯಲ್ಲಿ ಹಲಸಿನ ಬೀಜ ಇಟ್ಟರು.

"ಮೇಷ್ಟ್ರೇ, ನಿಮ್ಮನೇಲಿ ಯಾವುದ್ರಲ್ಲಿ ಅಡುಗೆ?"

"ಗ್ಯಾಸಮ್ಮ."

"ಇದು ಯಾಕಿಲ್ಲ?"

ಮೇಷ್ಟ್ರು ಬೀಜದ ಸಿಪ್ಪೆ ಸುಲಿಯುವುದರಲ್ಲಿ ಮಗ್ನರಾದರು. "ನಮ್ದು ಕೆಳಗಿನ ಮನೆ. ಬಿಸಿಲು ಬೀಳಲ್ಲ."

"ಹಂಗಾದ್ರೆ ಬೇಳೆ ಇಲ್ಲಿಗೇ ಕಳಿಸಿ. ಬೇಯಿಸಿ ಕೊಡ್ತೀನಿ. ಪೆಟ್ಟಿಗೆ ಮಾತ್ರ ಕೇಳಬೇಡಿ."

ನಮಗೆಲ್ಲ ಮೌಖಿಕ ಪರೀಕ್ಷೆಯಲ್ಲಿ ಬೆವರಿಳಿಸುತ್ತಿದ್ದ ಮೇಷ್ಟ್ರು ಎದ್ದು ನಿಂತು, ಮಳೆ ಹಿಡಿಯುವವರೆಗೆ ಇಟ್ಟುಕೊಳ್ಳಿ ಎಂದು ಕೈಮುಗಿದು ಹೊರಟರು.

ಜೂನಿನಲ್ಲಿ ಮೋಡ ಬಂತು. ಪೆಟ್ಟಿಗೆ ಕ್ಯಾಂಪಸ್ಸಿಗೆ ಹಿಂದಿರುಗಿ, ಅಲ್ಲಿಂದ ಯಾರೋ ಕಿರಿಯ ವಿದ್ಯಾರ್ಥಿಯ ಮನೆಗೆ ಹೋಯಿತು. ಅಜ್ಜಿ ನನ್ನೊಡನೆ ನಾಲ್ಕು ದಿನ ಮಾತಾಡಲಿಲ್ಲ. ಮುಂದಿನ ಸಂಕ್ರಾಂತಿಯ ಹೊತ್ತಿಗೆ ಮಗನ ಬೆನ್ನು ಹತ್ತಿ ಹೊಸದೊಂದನ್ನು ತರಿಸಿದರು. ಆಗ ನಾನು ಒಂದು ಕಾಲೇಜಿನಲ್ಲಿ ಪಾಠ ಹೇಳುವವಳಾಗಿದ್ದೆ. ಒಂದು ಭಾನುವಾರ ಅಜ್ಜಿ ನನ್ನನ್ನು ಕರೆದು, ಪೆಟ್ಟಿಗೆಯನ್ನು ಎಲ್ಲಿ, ಯಾವ ಮುಖವಾಗಿ ಇಡಬೇಕು ಎಂದು ಕೇಳಿದರು. ನಾನು ನೆರಳು ನೋಡಿ, ಸೂರ್ಯನ ಕೋನ ಲೆಕ್ಕಹಾಕಿ, ಬಹಳ ಗಂಭೀರವಾಗಿ ಇಟ್ಟೆ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಹಂಗಲ್ಲ ಕಣೇ. ಇನ್ನೊಂಚೂರು ಬಲಕ್ಕೆ."

ಸರಿಸಿದೆ. ಕನ್ನಡಿಯ ಬೆಳಕು ನೇರ ಡಬ್ಬಿಗಳ ಮೇಲೆ ಬಿತ್ತು.