ಓನರ್ ಆಂಟಿಯ ಕೈಗುಣ

ಡ್ರಾಯರಿನಲ್ಲಿ ಪೆನ್‌ಡ್ರೈವ್ ಹುಡುಕುತ್ತಿದ್ದವಳ ಕೈಗೆ ಒಂದು ಪುಟ್ಟ ಪ್ಲಾಸ್ಟಿಕ್ ಸಿರಿಂಜು ಸಿಕ್ಕಿತು. ಕಂಪ್ಯೂಟರಿನ ಪ್ರೊಸೆಸರ್ ಕಾವು ಅದರ ಮೇಲಿನ ಫ್ಯಾನಿಗೆ ದಾಟಲಿ ಅಂತ ನಡುವೆ ಹಚ್ಚುವ ಬೂದು ಬಣ್ಣದ ಪೇಸ್ಟ್ ಅದರೊಳಗೆ ಒಣಗಿ ಕಲ್ಲಾಗಿತ್ತು. ಇನ್ನೂ ಯಾಕೆ ಇಟ್ಟುಕೊಂಡಿದ್ದೆನೋ ಏನೋ. ಬಿಸಾಕಬೇಕು ಅಂದುಕೊಳ್ಳುವಷ್ಟರಲ್ಲಿ ಆ ಮಾತು ಕಿವಿಗೇ ಬಂದ ಹಾಗಾಯಿತು... "ಇದೇನವ್ವ, ಕಂಪ್ಯೂಟ್ರಿಗೂ ಸೂಜಿ ಚುಚ್ತಾರಾ?"

ಹಾಗೆ ಕೇಳಿದ್ದು ನಮ್ಮ ಓನರ್ ಆಂಟಿ. ಪುಟ್ಟೇನಹಳ್ಳಿಯ ಈ ಮನೆಯ ಮೊದಲ ಮಹಡಿಗೆ ನಾವು ಬಾಡಿಗೆಗೆ ಬಂದಾಗ ಕೆಳಗಡೆ ಅವರು, ಅವರ ಮಗಳು, ಅಳಿಯ ಇದ್ದರು. ಇಲ್ಲಿ ಬಡಾವಣೆ ಆಗುವುದಕ್ಕೆ ಮುಂಚಿನಿಂದ ಇದ್ದ ಕುಟುಂಬ. ಎದುರಿನ ಅಪಾರ್ಟ್‌ಮೆಂಟ್ ತೋರಿಸಿ, "ಅದ್ರ ಲಿಫ್ಟ್ ಐತಲ್ಲ, ಅಲ್ಲೇ ನಾವು ರಾಗಿ ಕಣ ಮಾಡ್ತಿದ್ದಿದ್ದು" ಅನ್ನುತ್ತಿದ್ದರು. ಅದರಲ್ಲಿ ದುಃಖವೇನೂ ಇರಲಿಲ್ಲ. ಲಿಫ್ಟಿನಲ್ಲಿ ಓಡಾಡುವುದೆಂದರೆ ಅವರಿಗೆ ಬಲು ಇಷ್ಟ.

ನಾನು ಆರ್.ಟಿ. ನಗರ, ಗಂಗಾನಗರದ ಸ್ಟುಡಿಯೋಗಳಿಗೆ ಮದುವೆ ಆಲ್ಬಂ ಮಾಡಿಕೊಡುತ್ತಿದ್ದೆ. ಮದುವೆ ಸೀಜನ್ ನಡುವೆಯೇ ನನ್ನ ಹಳೇ ಲ್ಯಾಪ್‌ಟಾಪ್ ಕೈಕೊಟ್ಟಿತು. ನಮ್ಮನೆಯವರು, "ಸುಮ್ನೆ ರೆಡಿಮೇಡ್ ತಗೊಳೇ, ನಿಂಗ್ಯಾಕೆ ಈ ತಲೆನೋವು?" ಅಂದರು. ಅಷ್ಟು ಸಾಕಾಯಿತು ನನಗೆ. ನಾನೇ ಜೋಡಿಸ್ತೀನಿ ಅಂತ ಹಟ ಹಿಡಿದು, ಕಂಪ್ಯೂಟರಿನ ಬಿಡಿ ಭಾಗಗಳನ್ನೆಲ್ಲ ತಂದು, ಹಾಲಿನಲ್ಲಿ ಚಾಪೆ ಹಾಸಿ ಕೂತೆ. ಓನರ್ ಆಂಟಿ ಒಂದು ಮೊರ ಅವರೆಕಾಯಿ ತಂದು ಪಕ್ಕದಲ್ಲೇ ಸುಲಿಯುತ್ತಾ ಕೂತರು. ಸೊಗಡಿನ ವಾಸನೆ ಮನೆಯೆಲ್ಲ. ಅವರ ಕಾಮೆಂಟರಿ ಬೇರೆ! "ಇಷ್ಟೊಂದ್ ವೈರಾ? ನಮ್ ಇಡೀ ಮನೆಗೇ ಇಷ್ಟಿಲ್ಲ ಕಣವ್ವ." ನಾನು ಫೋನಿನಲ್ಲಿ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದರೆ, "ಅವ್ನು ಬಾಳ ಬೇಗ ಬೇಗ ಏಳ್ತಾನೆ, ನಿಧಾನಕ್ಕೆ ಏಳು ಅನ್ನು" ಎಂದು ನನ್ನ ಪರ ವಹಿಸುತ್ತಿದ್ದರು.

ಸಂಜೆಗೆ ಎಲ್ಲ ಕಂಪ್ಯೂಟರಿನ ಡಬ್ಬದೊಳಗೆ ಕೂತಿತು. ಅದರ ಮೇಲೆ ಒಂದು ಚಿಟಿಕೆ ಕುಂಕುಮ ಇಟ್ಟೆ. ದಿನವಿಡೀ ಜೊತೆಗಿದ್ದವರು ಅವರೇ ತಾನೇ? "ಆಂಟಿ, ಮೊದಲು ನೀವೇ ಆನ್ ಮಾಡಿ" ಅಂದೆ.

ಅವರು ಬಿಸಿ ತಾಗಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು. "ನಾನು ಬ್ಯಾಡ ಕಣವ್ವ. ಒಸ ವಸ್ತು... ನೀನೇ ಒತ್ತು. ಯಜಮಾನ್ರು ಓದ್ಮೇಲೆ ನಾನು ಇಂಥದ್ಕೆಲ್ಲ ಕೈ ಆಕಿಲ್ಲ. ನನ್ ಕೈಗುಣ ಚೆನ್ನಾಗಿಲ್ಲ."

ನನಗೆ ರೇಗಿಹೋಯಿತು. ಆಂಟಿಯ ಮೇಲಲ್ಲ, ಈ ಮಾತನ್ನು ಅವರ ತಲೆಗೆ ತುಂಬಿದವರ ಮೇಲೆ. ಆಲ್ಬಂ ಮಾಡುವವಳಿಗೆ ಇದು ಗೊತ್ತಿಲ್ಲದ್ದೇ? ಮದುವೆ ಹೆಣ್ಣಿನ ಸ್ವಂತ ಅಜ್ಜಿ, ಗಂಡನಿಲ್ಲದವಳು ಅನ್ನುವ ಕಾರಣಕ್ಕೆ, ಫೋಟೋದ ಅಂಚಿನಲ್ಲಿ, ಅರ್ಧ ಬಾಗಿಲ ಮರೆಯಲ್ಲಿ ನಿಂತಿರುವುದನ್ನು ಎಷ್ಟು ಸಲ ನೋಡಿದ್ದೆ. "ಯಾವ ಕಾಲದಲ್ಲಿದೀರಾ ಆಂಟಿ, ಬನ್ನಿ ಸುಮ್ನೆ" ಎಂದು ಕೈ ಹಿಡಿದು ಎಳೆದೆ. ಅವರು ಸೆರಗಿಗೆ ಬೆರಳು ಒರೆಸಿಕೊಂಡು, ಕಣ್ಣು ಮುಚ್ಚಿ, ಗುಂಡಿ ಒತ್ತಿದರು.

ಏನೂ ಆಗಲಿಲ್ಲ. ಫ್ಯಾನ್ ತಿರುಗಲಿಲ್ಲ, ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿಸಿದೆ. ಉಹುಂ.

ಆಂಟಿಯ ಮುಖ ನೋಡಿದೆ. ನೋಡಬಾರದಿತ್ತು ಅನ್ನಿಸಿತು. "ನಾನು ಬ್ಯಾಡ ಅಂದೆ ತಾನೇ..." ಎಂದಷ್ಟೇ ಹೇಳಿ ಮೊರ ಎತ್ತಿಕೊಂಡು ಕೆಳಗಿಳಿದುಹೋದರು.

ಆಮೇಲೆ ನಾನು ಆ ಡಬ್ಬದ ಮೇಲೆ ಬಿದ್ದ ಪರಿ ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆಲ್ಬಂ ಎರಡು ದಿನ ತಡವಾದರೆ ಸ್ಟುಡಿಯೋದವರು ಬೈದುಕೊಳ್ಳುತ್ತಿದ್ದರು, ಬೈಸಿಕೊಳ್ಳಬಹುದಿತ್ತು. ಆದರೆ ಇದು ಹತ್ತದೇ ಹೋದರೆ ಆ ಹೆಂಗಸು ಇನ್ನು ಬದುಕಿರುವ ತನಕ ಯಾವ ಹೊಸ ವಸ್ತುವನ್ನೂ ಮುಟ್ಟುವುದಿಲ್ಲ. ಕರೆದು ಒತ್ತಿಸಿದವಳು ನಾನು!

ಗೋಡೆಯ ಪ್ಲಗ್ಗಿಗೆ ಮಿಕ್ಸಿ ಹಾಕಿ ನೋಡಿದೆ, ಗೊರ್ ಅಂತು. ಕರೆಂಟ್ ಸರಿಯಾಗಿದೆ. ಡಬ್ಬದ ಹಿಂಬದಿಯ ಸ್ವಿಚ್ ಆನ್ ಇತ್ತು. ಮೆಮೊರಿ ಪಟ್ಟಿಗಳನ್ನು ಕಿತ್ತು, ಟಕ್ ಅನ್ನುವ ಹಾಗೆ ಮತ್ತೆ ಕೂರಿಸಿದೆ. ಪ್ರೊಸೆಸರ್ ಪಕ್ಕದ ಕರೆಂಟಿನ ದಪ್ಪ ವೈರನ್ನು ಎಳೆದು ಒತ್ತಿದೆ. ಒಂದೊಂದಕ್ಕೂ ಗುಂಡಿ ಒತ್ತುವುದು, ಉಹುಂ ಅನ್ನುವುದು. ನಮ್ಮನೆಯವರು ಬಂದು ಇಣುಕಿ, ನನ್ನ ಮುಖ ನೋಡಿ, ತಾವೇ ಅನ್ನಕ್ಕಿಟ್ಟರು. ಪುಣ್ಯಾತ್ಮ.

ಮಾರನೇ ದಿನ ಬೆಳಿಗ್ಗೆ ಆಂಟಿ ಮೆಟ್ಟಿಲ ತನಕ ಬಂದರು. ಒಳಗೆ ಕಾಲಿಡಲಿಲ್ಲ. "ಉಸ್ರು ಬಂತೇನವ್ವ?"

"ಇನ್ನೂ ಇಲ್ಲ ಆಂಟಿ. ಬರತ್ತೆ, ಇರಿ."

ತಲೆಯಾಡಿಸಿ ಹೊರಟುಹೋದರು. ಎಂದೂ ಸುಮ್ಮನೆ ಮೆಟ್ಟಿಲಿಳಿದವರಲ್ಲ ಅವರು, ಯಾರನ್ನಾದರೂ ಮಾತಾಡಿಸಿಕೊಂಡೇ ಇಳಿಯುತ್ತಿದ್ದರು.

ಕೊನೆಗೆ ನನಗೆ ಹೊಳೆದದ್ದು ಇದು: ಯಂತ್ರ ಕೆಟ್ಟಿಲ್ಲದೆ, ಬರೀ ಗುಂಡಿಯೇ ಅದಕ್ಕೆ ಮುಟ್ಟುತ್ತಿಲ್ಲದಿದ್ದರೆ? ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡಿನ ಮೂಲೆಯಲ್ಲಿ ಕೂದಲೆಳೆಯಂಥ ಕಡ್ಡಿಗಳ ಸಾಲಿರುತ್ತದೆ. ಹೊರಗಿನ ಗುಂಡಿಯಿಂದ ಬರುವ ವೈರು ಅದರಲ್ಲಿ ಸರಿಯಾದ ಜೋಡಿಗೇ ಸಿಕ್ಕಬೇಕು. ಟಾರ್ಚ್ ಬಿಟ್ಟು ನೋಡುತ್ತೇನೆ, ನಾನು ಅದನ್ನು ಪಕ್ಕದ ಜೋಡಿಗೆ ಸಿಕ್ಕಿಸಿ ಕೂತಿದ್ದೇನೆ! ಗುಂಡಿಯನ್ನು ಸಾಕ್ಷಾತ್ ಬ್ರಹ್ಮನೇ ಬಂದು ಒತ್ತಿದರೂ ಅದು ಹತ್ತುತ್ತಿರಲಿಲ್ಲ. ವೈರನ್ನು ಹಾಗೇ ಬಿಟ್ಟು, ಸರಿಯಾದ ಕಡ್ಡಿಗಳೆರಡಕ್ಕೂ ಒಟ್ಟಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದೆ, ಗುಂಡಿ ಮಾಡುವ ಕೆಲಸವೂ ಅಷ್ಟೇ. ಗುರ್ರ್ ಅಂತ ಫ್ಯಾನ್ ತಿರುಗಿತು. ಅಯ್ಯೋ, ಆ ಸದ್ದು! ಮೇಲೆ ಏರ್‌ಫೋರ್ಸಿನ ವಿಮಾನ ಹೋಗುತ್ತಿತ್ತು, ಇಲ್ಲದಿದ್ದರೆ ನಾನು ಕಿರುಚಿದ್ದು ಆಚೆ ಕೋಗಿಲು ಹಳ್ಳಿಯ ತನಕ ಕೇಳಿಸುತ್ತಿತ್ತು.

ತಕ್ಷಣ ಆಫ್ ಮಾಡಿ ಕೆಳಗೆ ಓಡಿದೆ. ಆಂಟಿ ನಂಬಲಿಲ್ಲ. "ನನ್ ಸಮಾಧಾನಕ್ಕೆ ಸುಳ್ಳೇಳ್ತೀಯ ಕಣವ್ವ ನೀನು."

ಕೈ ಹಿಡಿದು ಮೇಲೆ ಕರೆತಂದು, ಟಾರ್ಚ್ ಅವರ ಕೈಗೇ ಕೊಟ್ಟೆ. ವೈರು ಇನ್ನೂ ಆ ತಪ್ಪು ಜಾಗದಲ್ಲೇ ಇತ್ತು. "ಈಗ ನಾನು ಒತ್ತುತೀನಿ, ನೋಡ್ತಾ ಇರಿ." ಒತ್ತಿದೆ. ಏನೂ ಇಲ್ಲ. ನಮ್ಮನೆಯವರನ್ನೂ ಕರೆದು ಒತ್ತಿಸಿದೆ. ಏನೂ ಇಲ್ಲ. "ಇವರ ಕೈಗುಣವೂ ಕೆಟ್ಟದ್ದಾ ಆಂಟಿ?" ಅಂದೆ. ಹಿಂದಿನ ಸ್ವಿಚ್ ಆರಿಸಿ, ಅವರ ಕಣ್ಣೆದುರೇ ವೈರು ಕಿತ್ತು ಸರಿಯಾದ ಜೋಡಿಗೆ ಸಿಕ್ಕಿಸಿ, ಸ್ವಿಚ್ ಹಾಕಿದೆ. "ಈಗ ಒತ್ತಿ."

ಈ ಸಲ ಅವರು ಕಣ್ಣು ಮುಚ್ಚಲಿಲ್ಲ. ಒತ್ತಿದರು. ಫ್ಯಾನ್ ತಿರುಗಿತು, ಒಳಗೆ ನೀಲಿ ದೀಪ ಹತ್ತಿತು, ಪರದೆ ಬೆಳಗಿತು. ಆಂಟಿ ತಮ್ಮ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಸೆರಗು ಬಾಯಿಗೆ ಹಿಡಿದು ಎಷ್ಟು ಅತ್ತರು... ನಾನೂ ಅತ್ತೆ. ನಮ್ಮನೆಯವರು ಏನು ಮಾಡಬೇಕೋ ತೋಚದೆ ಕಾಫಿ ಮಾಡಲು ಹೋದರು.

ಸುದ್ದಿಯನ್ನು ಬೀದಿಗೆಲ್ಲ ಹಂಚಿದವಳು ನಾನೇ. ಮೊದಮೊದಲು ನನ್ನ ಮಾತಿಗೆ ಕಟ್ಟುಬಿದ್ದು, ಆಮೇಲೆ ಪ್ರೀತಿಯಿಂದಲೇ ಜನ ಆಂಟಿಯನ್ನು ಕರೆಯತೊಡಗಿದರು. ಹೊಸ ವಾಷಿಂಗ್ ಮಷಿನ್ ಬಂದರೆ ಆಂಟಿ, ಸ್ಕೂಟರ್ ಬಂದರೆ ಆಂಟಿ. ಅವರಿಗೂ ಒಂಚೂರು ಜಂಬ ಬಂತೆನ್ನಿ. ಹೋದಲ್ಲೆಲ್ಲ, "ವೈರೆಲ್ಲ ಸರ್ಯಾಗಿ ಸಿಕ್ಸಿದೀರಾ ಮೊದ್ಲು ನೋಡ್ಕಳಿ" ಎಂದು ದಬಾಯಿಸಿಯೇ ಕೈ ಹಾಕುತ್ತಿದ್ದರು.

ಕೆಲವು ವರ್ಷಗಳಾದ ಮೇಲೆ ನಮ್ಮಪ್ಪ ತೀರಿಕೊಂಡರು. ಅಮ್ಮನನ್ನು ನಾನು ಇಲ್ಲಿಗೇ ಕರೆದುಕೊಂಡು ಬಂದೆ. ಎದುರು ಸಾಲಿನಲ್ಲಿ ಒಂದು ಗೃಹಪ್ರವೇಶ. ಅಮ್ಮ ರೂಮಿನ ಬಾಗಿಲು ಹಾಕಿಕೊಂಡು, "ನಾನು ಬೇಡ, ನೀವು ಹೋಗಿ ಬನ್ನಿ" ಅಂದಳು. ಆಂಟಿಗೆ ಅಷ್ಟೆಲ್ಲ ಬುದ್ಧಿ ಹೇಳಿದ್ದ ನನಗೆ ನನ್ನ ಅಮ್ಮನ ಮುಂದೆ ನಾಲಿಗೆಯೇ ಹೊರಳಲಿಲ್ಲ. ಮಂಡಿನೋವಿನ ಆಂಟಿ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಬಾಗಿಲು ತಟ್ಟಿ, "ಏಳಿ ಅಕ್ಕಾ, ಸೀರೆ ಉಟ್ಕಳಿ. ನಾನೂ ಇಂಗೇ ವರ್ಸಗಟ್ಲೆ ಕುಂತಿದ್ದೆ, ಏನೂ ಸಿಗ್ನಿಲ್ಲ ನಂಗೆ" ಅಂದರು. ಇಬ್ಬರೂ ಕೈ ಹಿಡಿದುಕೊಂಡು ರಸ್ತೆ ದಾಟಿದ್ದನ್ನು ನಾನು ಬಾಲ್ಕನಿಯಿಂದ ನೋಡಿದೆ.

ಆಂಟಿ ಹೋದ ವರ್ಷ ತೀರಿಕೊಂಡರು. ಜ್ವರ ಅಂತ ಮಲಗಿದವರು ಏಳಲಿಲ್ಲ. ಈ ಮನೆಯಲ್ಲಿ ಅವರ ದನಿ ಇಲ್ಲದ್ದು ನನಗಿನ್ನೂ ಒಗ್ಗಿಲ್ಲ, ಒಗ್ಗುವುದೂ ಬೇಡ.

ಅವರ ಮಗಳು, ಅಳಿಯ ಮೇಲೆ ಹೊಸದಾಗಿ ಕಟ್ಟಿಸಿದ ಮಹಡಿಗೆ ಹೋದರು. ಕೆಳಗಿನ ಮನೆಗೆ ಇವತ್ತು ಹೊಸ ಬಾಡಿಗೆಯವರು ಬಂದಿದ್ದಾರೆ, ಹೊಸದಾಗಿ ಮದುವೆಯಾದ ಜೋಡಿ. ಆಗಲೇ ಆ ಹುಡುಗಿ ಮೇಲೆ ಬಂದಿದ್ದಳು. "ಹಾಲು ಉಕ್ಕಿಸ್ಬೇಕಿತ್ತು. ಮೇಲಿನ ಓನರ್ ಅಕ್ಕ ನಿಮ್ಮಮ್ಮನ್ನೇ ಕರ್ಕೊಂಡು ಬಾ ಅಂದ್ರು."

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಹೊಸ ಪಾತ್ರೆ ಇದೆಯಾ, ಇಲ್ಲಾ ನಮ್ದೇ ತರ್ಲಾ?" ಎಂದು ಕೇಳಿದಳು. ಅವಳ ಹಿಂದೆಯೇ ನಾನೂ ಇಳಿದೆ. ಆಂಟಿಯ ಅಡುಗೆಮನೆಯಲ್ಲಿ ಅಮ್ಮ ಒಲೆ ಹಚ್ಚಿದಳು.