ಮೂರಲ್ಲ, ಹತ್ತು

ಅಜ್ಜಿಯ ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿತ್ತು. ವಾಸಿಯಾಗುವ ಮಾತು ಮುಗಿದು ನೋವಿನ ಮಾತಷ್ಟೇ ಉಳಿದಿತ್ತು. ಕೊನೆಗಾಲದ ರೋಗಿಗಳ ಆರೈಕೆಯ ಹಾಸ್ಪೈಸ್‌ನಲ್ಲಿ ಹತ್ತು ದಿನ ಮಾರ್ಫಿನ್ ಇಂಜೆಕ್ಷನ್ ಕೊಟ್ಟು ನೋವನ್ನು ಹಿಡಿತಕ್ಕೆ ತಂದರು. ಆಮೇಲೆ ಅದೇ ಔಷಧದ ಮಾತ್ರೆ ಬರೆದುಕೊಟ್ಟು ಚಾಮರಾಜಪೇಟೆಯ ಮನೆಗೆ ಕಳುಹಿಸಿದರು. ಬಂದ ಎರಡನೆಯ ದಿನಕ್ಕೇ ಅಜ್ಜಿ ದಿಂಬು ಕಚ್ಚಿ ನರಳತೊಡಗಿದರು.

ನೋಡಿಹೋಗಲು ಬಂದ ಹಾಸ್ಪೈಸ್ ನರ್ಸನ್ನು ನಾನು ಬಾಗಿಲಲ್ಲೇ ತಡೆದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ದನಿ ತಾನಾಗಿಯೇ ಬಂತು.

"ಸಿಸ್ಟರ್, ನಿಮ್ಮ ಮಾತ್ರೆ ಕೆಲಸ ಮಾಡ್ತಿಲ್ಲ."

"ಎಷ್ಟು ಕೊಡ್ತಿದೀರಿ?"

ಉತ್ತರ ದೊಡ್ಡಮ್ಮನಿಂದ ಬಂತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. "ಅಲ್ಲಿ ಸಲಕ್ಕೆ ಮೂರು ಮಿಲಿಗ್ರಾಂ ಚುಚ್ತಿದ್ರು. ಚೀಟೀಲಿ ಹತ್ತು ಅಂತಿದೆ. ತಪ್ಪಿರ್ಬೇಕು ಅಂತ ಮಾತ್ರೆ ಮುರಿದು ಮೂರರಲ್ಲಿ ಒಂದು ಭಾಗ ಕೊಡ್ತಿದೀನಿ."

ನರ್ಸ್ ಬೈಯಲಿಲ್ಲ. "ತಪ್ಪಲ್ಲ ಮೇಡಂ. ನುಂಗಿದ್ದು ಹೊಟ್ಟೆ, ಲಿವರ್ ದಾಟಿ ರಕ್ತಕ್ಕೆ ಸೇರ್ಬೇಕು. ಲಿವರ್ರು ಅರ್ಧಕ್ಕಿಂತ ಜಾಸ್ತಿ ದಾರೀಲೇ ಮುಗಿಸಿಬಿಡತ್ತೆ. ಇಂಜೆಕ್ಷನ್‌ಗೆ ಆ ಕಾಟ ಇಲ್ಲ. ಹತ್ತು ನುಂಗಿದ್ರೆ ಮೂರು ಚುಚ್ಚಿದಷ್ಟು."

ನಾನು ಬಿಡಲಿಲ್ಲ. "ಹಾಗಾದ್ರೆ ಹತ್ತನ್ನೇ ಚುಚ್ಚಿದ್ರೆ?"

"ಅಪಾಯ. ದಾರಿ ಬದಲಾದ್ರೆ ಡೋಸೂ ಬದಲಾಗ್ಬೇಕು, ಅದನ್ನ ಡಾಕ್ಟರೇ ಮಾಡ್ಬೇಕು."

"ಎಲ್ಲರ ಲಿವರ್ರೂ ಒಂದೇ ಥರಾನಾ?"

"ಇಲ್ಲ. ಯಾರದ್ದು ಎಷ್ಟು ಅಂತ ಮೊದಲೇ ಗೊತ್ತಾಗಲ್ಲ. ಅದಕ್ಕೇ ಬಂದು ಬಂದು ನೋಡೋದು ನಾವು."

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿಬಿಡುವವರನ್ನು ನಾನು ನಂಬುತ್ತೇನೆ. ಅಲ್ಲೇ ಪಕ್ಷ ಬದಲಿಸಿದೆ. ನರ್ಸ್ ಡಾಕ್ಟರಿಗೆ ಫೋನ್ ಮಾಡಿದರು. ಅವರೂ ಇಡೀ ಮಾತ್ರೆಯನ್ನೇ ಕೊಡಿ ಎಂದರಂತೆ. ದೊಡ್ಡಮ್ಮನ ಕೈ ಮಾತ್ರ ಮಾತ್ರೆಯ ಡಬ್ಬಿ ಬಿಡಲಿಲ್ಲ.

"ಮಾರ್ಫಿನ್ ಜಾಸ್ತಿಯಾಗಿ ಉಸಿರು ನಿಂತುಹೋದ್ರೆ ಯಾರು ಹೊಣೆ?"

"ಹತ್ತು ದಿನ ಹೆಚ್ಚುಕಮ್ಮಿ ಇಷ್ಟೇ ಔಷಧ ಅಜ್ಜಿ ರಕ್ತದಲ್ಲಿತ್ತು. ಆಗ ನಿಂತಿತ್ತಾ? ನಿನ್ನ ಭಾಗಾಕಾರ ಸರಿ ದೊಡ್ಡಮ್ಮ, ಲಿವರ್ ಬಿಟ್ಟುಹೋಗಿದೆ ಅಷ್ಟೆ."

ಮಂಚದಿಂದ ಕೂಗು ಬಂತು: "ನಿಮ್ಮ ವಾದ ಆಮೇಲೆ ಮಾಡ್ಕೊಳ್ರೇ, ಮೊದಲು ಮಾತ್ರೆ ಕೊಡಿ!"

ದೊಡ್ಡಮ್ಮ ಕೊಟ್ಟರು, ಇಡಿಯಾಗಿ. ನಾಲ್ಕು ಗಂಟೆಗೊಮ್ಮೆ, ಚೀಟಿಯಲ್ಲಿದ್ದಂತೆಯೇ.

ಮರುದಿನ ಬೆಳಿಗ್ಗೆ ಅಜ್ಜಿ ನನ್ನ ಭುಜ ಹಿಡಿದು ಬಾಗಿಲವರೆಗೆ ನಡೆದುಬಂದರು. ಸೊಪ್ಪಿನ ಗಾಡಿ ನಿಂತಿತ್ತು.

"ಏನಪ್ಪಾ, ಈ ದಂಟು ನಿನ್ನೆ ಕಿತ್ತಿದ್ದಲ್ವಾ?"

"ಅಯ್ಯೋ ಇಲ್ಲಜ್ಜಿ, ಈಗ ತಾನೇ ಕಿತ್ತಿದ್ದು."

"ನೀರು ಚಿಮುಕಿಸಿದ ತಕ್ಷಣ ಹೊಸದಾಗಿಬಿಡತ್ತಾ? ಬೇರು ನೋಡು!"

ಸೊಪ್ಪಿನವನು ಗಾಡಿಯಡಿಯಿಂದ ಬೇರೆ ಕಟ್ಟು ತೆಗೆದ. ಎದುರಾಳಿ ಅಷ್ಟು ಬೇಗ ಸೋತದ್ದನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ.