ಪೂಜೆಯ ಹೊತ್ತಿನ ಫೋನು

ಗುಂಡ್ಲುಪೇಟೆಯ ಈರುಳ್ಳಿ ಮಂಡಿ ವೃಷಭೇಂದ್ರಪ್ಪನವರದು ಬಲು ಕಟ್ಟುನಿಟ್ಟು. ಬೆಳಗ್ಗೆ ಮಿಂದು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆಂದರೆ ಪೂಜೆ ಮುಗಿಯುವ ತನಕ ತುಟಿ ಪಿಟಕ್ಕೆನ್ನುವುದಿಲ್ಲ. ಮನೆಗೇ ಬೆಂಕಿ ಬಿದ್ದರೂ ಸನ್ನೆಯಲ್ಲೇ ಹೇಳುವ ಆಸಾಮಿ.

ಸಿಟ್ಟಿನಲ್ಲೂ ಅಷ್ಟೇ. ಪಕ್ಕದ ಮಂಡಿಯ ಅಬ್ದುಲ್ ರಹೀಂ ಇವರಿಗೆ ತಮ್ಮನಿದ್ದಂತೆ. ಇಬ್ಬರೂ ಒಂದೇ ಲಾರಿಯಲ್ಲಿ ಕೇರಳಕ್ಕೆ ಮಾಲು ಕಳಿಸಿದವರು, ಒಂದೇ ಫ್ಲಾಸ್ಕಿನ ಟೀ ಕುಡಿದವರು. ಹೋದ ವರ್ಷ ರಹೀಮನ ಮಗ ಅಕೀಬನ ಮದುವೆ ಬಂತು. ಗಡಿಬಿಡಿಯಲ್ಲಿ ರಹೀಂ ಮದುವೆ ಕಾರ್ಡನ್ನು ಮಂಡಿಯ ಗುಮಾಸ್ತನ ಕೈಗೆ ಕೊಟ್ಟುಹೋದ. ಇವರಿಗೆ ಮೈಯೆಲ್ಲ ಉರಿದುಹೋಯಿತು. ಮನೆ ಬಾಗಿಲಿಗೆ ಬಂದು, ಗಂಡಹೆಂಡತಿ ಇಬ್ಬರನ್ನೂ ಕೂರಿಸಿ ಕರೆಯದ ಮದುವೆಗೆ ಯಾವ ಮಾನವಂತ ಹೋಗುತ್ತಾನೆ? ಹೋಗಲಿಲ್ಲ. ಅಣ್ಣ ಬರಲಿಲ್ಲವೆಂದು ರಹೀಮನೂ ಮುಖ ಊದಿಸಿಕೊಂಡ. ಅಂದಿನಿಂದ ಮಾತಿಲ್ಲ. ವೃಷಭೇಂದ್ರಪ್ಪನವರಿಗೆ ಒಬ್ಬರೇ ಕುಡಿಯುವ ಟೀ ಗಂಟಲಲ್ಲಿ ಇಳಿಯದು. ಆದರೂ ಮೊದಲು ಬಾಯಿಬಿಡಲು ಬಿಗುಮಾನ ಬಿಡಬೇಕಲ್ಲ!

ಮೊನ್ನೆ ಸೊಸೆ ಕಾವ್ಯಶ್ರೀ ಮಾವನ ಫೋನಿಗೆ ಹೊಸ ಏರ್ಪಾಡು ಮಾಡಿಕೊಟ್ಟಳು. ಮಂಡಿಯಲ್ಲಿ ಕೈಗೆ ಬಿಡುವಿರುವುದಿಲ್ಲ; ಹಾಗಾಗಿ ಯಾರ ಫೋನೆಂದು ಅದೇ ಹೇಳುತ್ತದೆ, ಇವರು ‘ಎತ್ತು’ ಅಂದರೆ ಎತ್ತುತ್ತದೆ. ಏನೂ ಅನ್ನದಿದ್ದರೆ ಸ್ವಲ್ಪ ಹೊತ್ತು ಬಡಿದುಕೊಂಡು ಸುಮ್ಮನಾಗುತ್ತದೆ.

ಈ ಬೆಳಗ್ಗೆ ಪೂಜೆ ಅರ್ಧಕ್ಕೆ ಬಂದಿತ್ತು. ಫೋನನ್ನು ಆಚೆ ಇಡಲು ಮರೆತಿದ್ದರು. ಪಕ್ಕದ ಮಣೆಯ ಮೇಲಿಂದ ಅದು ಗಟ್ಟಿಯಾಗಿ, “ಅಬ್ದುಲ್ ರಹೀಂ ಫೋನ್ ಮಾಡ್ತಿದ್ದಾರೆ. ಎತ್ತಲಾ?” ಎಂದಿತು.

ವೃಷಭೇಂದ್ರಪ್ಪನವರು ಫೋನಿನತ್ತ ತಿರುಗಿದರು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ವಿಭೂತಿ. ಸನ್ನೆ ಮಾಡೋಣವೆಂದರೆ ಹೆಂಡತಿ ಗಂಗಾಂಬಿಕೆ ಹಿತ್ತಲಲ್ಲಿ. ರಹೀಮನ ಸ್ವಭಾವ ಇವರಿಗೆ ಗೊತ್ತಿಲ್ಲವೇ? ಒಂದು ಸಲ ಎತ್ತದಿದ್ದರೆ ಆ ಮಹಾರಾಯ ಸಾಯುವ ತನಕ ಇನ್ನೊಂದು ಸಲ ಮಾಡುವವನಲ್ಲ. ಫೋನು ಮತ್ತೆ ಕೇಳಿತು. ಶಿವನಾದರೆ ಕ್ಷಮಿಸಿಯಾನು, ರಹೀಮ ಕ್ಷಮಿಸುವುದಿಲ್ಲ ಅನ್ನಿಸಿತು.

“ಎತ್ತು,” ಅಂದುಬಿಟ್ಟರು.

ಆ ಕಡೆ ರಹೀಂ ಗಾಬರಿಯಾದ. “ಅಣ್ಣ, ಪೂಜೆ ಒತ್ನಲ್ಲಿ ಎತ್ಬುಟ್ರಾ? ಎತ್ತಾಕಿಲ್ಲ ಅಂತ್ಲೇ ಮಾಡ್ದೆ ಕಣಣ್ಣ.”

ಮೊದಲು ಫೋನ್ ಮಾಡಿದ ಹಿರಿಮೆಯೂ ಬೇಕು, ಮಾತಾಡುವ ಪೇಚಾಟವೂ ಬೇಡ. ಎಂಥ ಕಿಲಾಡಿ ನೋಡಿ! ವೃಷಭೇಂದ್ರಪ್ಪನವರಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ರಹೀಂ ತಡವರಿಸುತ್ತ, ಅಕೀಬನಿಗೆ ಹೆಣ್ಣುಮಗು ಆಗಿದೆ, ಭಾನುವಾರ ಹೆಸರಿಡುತ್ತೇವೆ ಎಂದ. ಈ ಸಲ ತಪ್ಪು ಮಾಡುವುದಿಲ್ಲ, ಸಂಜೆ ಹೆಂಡತಿ ಅಮೀರುನ್ನೀಸಾಳನ್ನೂ ಕರೆದುಕೊಂಡು ಮನೆಗೇ ಬಂದು ಕರೆಯುತ್ತೇನೆ ಎಂದ.

“ಬರ್ಬೇಡ ಕಣ್ಲಾ ರಹೀಮ,” ಅಂದರು ಇವರು.

“ಯಾಕಣ್ಣ, ಇನ್ನೂ ಸಿಟ್ಟಾ?” ಅಂದ ರಹೀಂ.

“ಭಾನ್ವಾರದ ತಂಕ ಯಾರು ಕಾಯ್ತಾರೆ? ಪೂಜೆ ಮುಗುಸ್ಕಂಡು ನಾನೇ ಬತ್ತೀನಿ. ಮಗೀನ ನೋಡ್ಬೇಕು.”